ಚ್ಯಾಂಪಿಂಗ್ ಅಟ್ ದ ಬಿಟ್

'ಚ್ಯಾಂಪಿಂಗ್ ಅಟ್ ದ ಬಿಟ್' ಎಂಬುದು ಇಂಗ್ಲಿಷ್ ಭಾಷೆಯ ಒಂದು ನುಡಿಗಟ್ಟು. ಒಂದು ಕೆಲಸವನ್ನು ಆರಂಭಿಸಲು ಬಹಳ ಉತ್ಸುಕನಾಗಿರುವ ವ್ಯಕ್ತಿ ಯಾವುದೋ ತಡೆಯಿಂದಾಗಿ ಕಾಯಬೇಕಾದಾಗ ಅನುಭವಿಸುವ ಅಸಹನೆಯನ್ನು ಇದು ಸೂಚಿಸುತ್ತದೆ. ಅಮೆರಿಕದಲ್ಲಿ 'ಚೊಂಪಿಂಗ್ ಅಟ್ ದ ಬಿಟ್' ಎಂಬ ರೂಪ ಹೆಚ್ಚು ಪ್ರಚಲಿತವಾಗಿದೆ.

ಮೂಲ

ಈ ನುಡಿಗಟ್ಟು ಕುದುರೆ ಸವಾರಿಯಿಂದ ಬಂದಿದೆ. 'ಬಿಟ್' ಎಂದರೆ ಕುದುರೆಯ ಬಾಯಿಯೊಳಗೆ ಅಡ್ಡಲಾಗಿ ಇರಿಸುವ, ಸಾಮಾನ್ಯವಾಗಿ ಲೋಹದ ಕಡಿವಾಣ. ಕುದುರೆಯ ಬಾಚಿಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಸಡಿನ ಭಾಗವಿದ್ದು, ಕಡಿವಾಣವು ಅಲ್ಲಿ ಕೂರುತ್ತದೆ. ಸವಾರನು ಲಗಾಮನ್ನು ಎಳೆದಾಗ ಅದರ ಒತ್ತಡ ಬಾಯಿಗೆ ತಾಗುತ್ತದೆ. ಓಡಲು ಹವಣಿಸುವ ಕುದುರೆಯನ್ನು ಹಿಡಿದು ನಿಲ್ಲಿಸಿದರೆ ಅದು ಕಡಿವಾಣವನ್ನು ಸದ್ದಾಗುವಂತೆ ಜಗಿಯತೊಡಗುತ್ತದೆ. (ಶಾಂತವಾಗಿರುವ ಕುದುರೆಯೂ ಕಡಿವಾಣವನ್ನು ಮೆಲ್ಲನೆ ಜಗಿಯುವುದುಂಟು, ತರಬೇತುದಾರರು ಅದನ್ನು ಒಳ್ಳೆಯ ಲಕ್ಷಣವೆಂದೇ ಎಣಿಸುತ್ತಾರೆ.) ಮುಂದೆ ಇಂಗ್ಲಿಷಿನಲ್ಲಿ ಈ ಮಾತು ಮನುಷ್ಯರಿಗೂ ಅನ್ವಯವಾಗತೊಡಗಿತು.

ಕನ್ನಡದ 'ಕಡಿವಾಣ'ದಲ್ಲಿ 'ಕಡಿ' ಎಂಬ ಧಾತು ಇರುವಂತೆಯೇ ಇಂಗ್ಲಿಷಿನ 'ಬಿಟ್' ಪದವೂ ಕಚ್ಚು ಎಂಬ ಅರ್ಥದ 'ಬೈಟ್'ಗೆ ಸಂಬಂಧಿಸಿದ್ದು.

ರೂಪದ ಕುರಿತ ವಿವಾದ

'ಚ್ಯಾಂಪ್' ಎಂದರೆ ಸದ್ದು ಮಾಡುತ್ತ ಜಗಿಯುವುದು. ವಿಜೇತನನ್ನು ಸೂಚಿಸುವ 'ಚ್ಯಾಂಪಿಯನ್' ಪದದೊಂದಿಗೆ ಇದಕ್ಕೆ ಯಾವ ಸಂಬಂಧವೂ ಇಲ್ಲ. 'ಚೊಂಪ್' ಎಂಬುದು ಇದೇ ಕ್ರಿಯಾಪದದ ರೂಪಾಂತರ. ದಿನಬಳಕೆಯಲ್ಲಿ 'ಚ್ಯಾಂಪ್' ಅಪರೂಪವಾದಂತೆ, ಪರಿಚಿತವಾದ 'ಚೊಂಪ್' ಅದರ ಸ್ಥಾನವನ್ನು ಆಕ್ರಮಿಸಿತು. ಸಂಪ್ರದಾಯನಿಷ್ಠರು ಈಗಲೂ ಹಳೆಯ ರೂಪವನ್ನೇ ಒಪ್ಪುತ್ತಾರೆ. ಆದರೆ ಎರಡೂ ಒಂದೇ ಪದದ ರೂಪಗಳಾಗಿರುವುದರಿಂದಲೂ ಅರ್ಥದಲ್ಲಿ ಭೇದವಿಲ್ಲದಿರುವುದರಿಂದಲೂ ಹೊಸ ರೂಪವನ್ನು ತಪ್ಪೆನ್ನಲು ಬಲವಾದ ಕಾರಣವಿಲ್ಲ.

ಬಳಕೆ

ಪಂದ್ಯದ ಆರಂಭಕ್ಕೆ ಕಾಯುವ ಆಟಗಾರ, ಗಾಯದಿಂದ ಚೇತರಿಸಿಕೊಂಡು ಮತ್ತೆ ತಂಡ ಸೇರಲು ಹಂಬಲಿಸುವವ ಮುಂತಾದವರ ವಿಷಯದಲ್ಲಿ ಇದು ಹೊಂದುತ್ತದೆ. ಉದ್ದನೆಯ ಸಾಲಿನಲ್ಲಿ ನಿಂತು ಬೇಸತ್ತವನಿಗೆ ಹೊಂದುವುದಿಲ್ಲ. ಇಲ್ಲಿನ ಅಸಹನೆಯಲ್ಲಿ ಉತ್ಸಾಹವೇ ಮುಖ್ಯ. 'ಬಿಟ್' ಅನ್ನು ಹಲ್ಲುಗಳ ನಡುವೆ ಕಚ್ಚಿಹಿಡಿಯುವುದು ಎಂಬ ಇನ್ನೊಂದು ನುಡಿಗಟ್ಟಿನೊಡನೆಯೂ ಇದನ್ನು ಬೆರೆಸಬಾರದು. ಅದು ಸವಾರನ ಹಿಡಿತ ಮೀರಿದ ಕುದುರೆಯ ಚಿತ್ರವಾಗಿದ್ದು, ಹಟ ಹಿಡಿದು ಮುನ್ನುಗ್ಗುವುದನ್ನು ಹೇಳುತ್ತದೆ.

ಕನ್ನಡಕ್ಕೆ ಪದಶಃ ಅನುವಾದಿಸಿದರೆ ಅರ್ಥ ಕೆಡುತ್ತದೆ. 'ಕಡಿವಾಣ ಹಾಕು' ಎಂಬ ಕನ್ನಡದ ಬಳಕೆ ನಿಯಂತ್ರಿಸುವವನ ಕಡೆಯಿಂದ ನೋಡುವಂಥದು. ಇಂಗ್ಲಿಷ್ ನುಡಿಗಟ್ಟು ಕುದುರೆಯ ಕಡೆಯಿಂದ ನೋಡುತ್ತದೆ. 'ತುದಿಗಾಲಿನಲ್ಲಿ ನಿಂತಿರು' ಎಂಬುದು ಇದಕ್ಕೆ ಹೆಚ್ಚು ಹತ್ತಿರವಾದ ಮಾತು.