ಕಾಲಳತೆಯ ಜೋಡು

ತೊಡುವವರ ಪಾದವನ್ನೇ ಅಳತೆಯಾಗಿಟ್ಟುಕೊಂಡು ಕೈಯಿಂದ ಹೊಲಿದ ಚರ್ಮದ ಪಾದರಕ್ಷೆ. ಜಮಖಂಡಿ ತಾಲ್ಲೂಕಿನ ಹುನ್ನೂರ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಆಡುಮಾತಿನಲ್ಲಿ ಚಪ್ಪಲಿಗೆ ‘ಜೋಡು’ ಎನ್ನುವುದು ರೂಢಿ. ಕೃಷ್ಣೆಯ ಆಚೆ ದಡದ ಅಥಣಿ ಈ ಕಸುಬಿನ ದೊಡ್ಡ ಕೇಂದ್ರ. ಹೊರಗಿನ ಪೇಟೆಯಲ್ಲಿ ಇದು ಕೊಲ್ಹಾಪುರಿ ಎಂದೇ ಹೆಸರಾಗಿದೆ. ಆ ಹೆಸರು ಮಾರಾಟದ ಊರಿನದು. ಹೊಲಿದವರಲ್ಲಿ ಕನ್ನಡ ನಾಡಿನ ಸಮಗಾರರೂ ಇದ್ದಾರೆ ಎಂಬುದನ್ನು ಮರೆಯಬಾರದು.

ಕಸುಬಿನ ನೆನಪು 12ನೆಯ ಶತಮಾನದ ಕಲ್ಯಾಣದವರೆಗೆ ಹೋಗುತ್ತದೆ. ಮಾದಾರ ಚೆನ್ನಯ್ಯನ ವಚನಾಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟಗಳ ಹೆಸರುಗಳಿವೆ. ಡೋಹರ ಕಕ್ಕಯ್ಯನದು ತೊಗಲು ಹದ ಮಾಡುವ ಕಾಯಕ. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಚಮ್ಮಾವುಗೆ ಹೊಲಿದರು, ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡ ಎಂಬ ಐತಿಹ್ಯ ಈ ಭಾಗದಲ್ಲಿ ಮನೆಮಾತು.

ಅಟ್ಟೆಗೆ ಎಮ್ಮೆ, ಕೋಣದ ತೊಗಲು ಬೇಕು. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು, ಒಳಗೆ ಜಾಲಿಚಕ್ಕೆ, ಅಳಲೆಕಾಯಿಯ ಒಗರುನೀರು ತುಂಬಿ ತೂಗುಹಾಕುವುದು ಹಳೆಯ ಪದ್ಧತಿ. ನೀರು ಹನಿಹನಿಯಾಗಿ ತೊಗಲನ್ನು ದಾಟಿ ಇಳಿಯುತ್ತ ಅದನ್ನು ಹದಕ್ಕೆ ತರುತ್ತದೆ. ಹೀಗೆ ಹದವಾದ ಚರ್ಮ ಮೊದಲು ಬಿರುಸಾಗಿದ್ದು, ಬೆವರು, ಬಿಸಿ, ಎಣ್ಣೆ ತಾಗಿದಂತೆ ಮಣಿಯುತ್ತದೆ. ಈ ಜೋಡಿನ ಹಿತವೆಲ್ಲ ಆ ಮಣಿಯುವ ಗುಣದಲ್ಲಿದೆ.

ಅಳತೆಗೆ ಬಂದವರ ಪಾದವನ್ನು ತೊಗಲಿನ ಮೇಲಿಡಿಸಿ ಸುತ್ತ ಗೆರೆ ಎಳೆಯುತ್ತಾರೆ. ಎಡ, ಬಲ ಎರಡಕ್ಕೂ ಬೇರೆ ಗೆರೆ. ಮೇಲಟ್ಟೆ, ಕೆಳಅಟ್ಟೆಗಳ ನಡುವೆ ಎರಡು ಪಕ್ಕದಲ್ಲಿ ‘ಕಿವಿ’ ಕೂಡಿಸಿ, ಚರ್ಮದ ದಾರದಿಂದಲೇ ಹೊಲಿದು, ಕಿವಿಯಿಂದ ಕಿವಿಗೆ ಪಟ್ಟಿ ಹಾಯಿಸಿ, ಮುಂದೆ ಉಂಗುಟ ಕಟ್ಟುತ್ತಾರೆ. ಮೊಳೆ ಬೇಕಿಲ್ಲ. ಕೊರೆಯುವ ಕೆಲಸ ಹೆಚ್ಚಾಗಿ ಗಂಡಸರದು. ಹೆಣಿಕೆ, ಹೊಲಿಗೆ ಹೆಂಗಸರದು. ಪಾದ ತೆಳ್ಳಗಿದ್ದರೆ ಕಿವಿ ಒಂದಿಷ್ಟು ಒಳಗೆ ಸರಿಯಬೇಕು, ಪಟ್ಟಿ ಗಿಡ್ಡಾಗಬೇಕು. ಹೊಸತರಲ್ಲಿ ಸಡಿಲವಾಗಿ ಹಿತವೆನಿಸಿದ ಜೋಡು ತಿಂಗಳೊಪ್ಪತ್ತಿನಲ್ಲಿ ಕಾಲಿನಿಂದ ಜಾರತೊಡಗುತ್ತದೆ. ಆದ್ದರಿಂದ ಸಪೂರ ಕಾಲಿನವರಿಗೆ ಬಿಗಿಯಾಗಿಯೇ ಹೊಲಿಯುವುದು ಸರಿ. ನಾಲ್ಕಾರು ದಿನ ಕಚ್ಚುತ್ತದೆ. ಎಣ್ಣೆ ಹಚ್ಚಿ ಮೆಟ್ಟಿದರೆ ಪಾದದ ಅಚ್ಚು ತಾನೇ ಮೂಡುತ್ತದೆ. ಆಮೇಲೂ ಸಡಿಲಾದರೆ ಪಟ್ಟಿಯ ಕೆಳಗೆ ಮೆದು ಚರ್ಮದ ತುಂಡೊಂದು ಸೇರುತ್ತದೆ.

ಕೊಲ್ಹಾಪುರದ ಛತ್ರಪತಿ ಶಾಹು ಮಹಾರಾಜರ (1874–1922) ಪ್ರೋತ್ಸಾಹದಿಂದ ಈ ಜೋಡಿಗೆ ದೊಡ್ಡ ಪೇಟೆ ಸಿಕ್ಕಿತು. ಕರ್ನಾಟಕದಲ್ಲಿ ಚರ್ಮ ಕುಶಲಕರ್ಮಿಗಳಿಗಾಗಿ 1976ರಲ್ಲಿ ಲಿಡ್ಕರ್ ನಿಗಮ ಹುಟ್ಟಿತು. 1990ರ ದಶಕದ ಕೊನೆಯಲ್ಲಿ ಅಥಣಿಯ ಮಹಿಳಾ ಗುಂಪುಗಳು ‘ಟೋಹೋಲ್ಡ್’ ಹೆಸರಿನಲ್ಲಿ ವಿದೇಶಕ್ಕೂ ಜೋಡು ಕಳಿಸಿದವು. 2019ರಲ್ಲಿ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ಬಾಗಲಕೋಟೆ, ಬೆಳಗಾವಿ, ಧಾರವಾಡ, ವಿಜಯಪುರಗಳೂ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯನ್ನು ಮೂಲದ ಹೆಸರಿಲ್ಲದೆ ತೋರಿಸಿದಾಗ ಎದ್ದ ಆಕ್ಷೇಪ ನ್ಯಾಯವಾದದ್ದು. ಸಂಸ್ಥೆ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಜೊತೆ ಒಪ್ಪಂದವಾಯಿತು.

ದೂರದ ಪೇಟೆಗೆ ಹೊಲಿಯುವಾಗ ಪಾದ ಕಣ್ಣೆದುರಿಗಿರುವುದಿಲ್ಲ, ನಂಬರು ಮಾತ್ರ ಇರುತ್ತದೆ. ಇಂಗ್ಲಿಷ್ ನಂಬರು ಒಂದೊಂದಕ್ಕೂ ಮೂರನೇ ಒಂದು ಇಂಚು, ಅಂದರೆ ಒಂದು ಜವೆಗೋಧಿ ಕಾಳಿನಷ್ಟು, ಹೆಚ್ಚುತ್ತದೆ. ಅದು ಹೇಳುವುದು ಉದ್ದವನ್ನಷ್ಟೇ. ಪಾದದ ದಪ್ಪವನ್ನಾಗಲಿ ಮೀನಖಂಡದ ಸುತ್ತಳತೆಯನ್ನಾಗಲಿ ಅಲ್ಲ. ಈ ಕೊರತೆ ತೀರ ಎದ್ದು ಕಾಣುವುದು ಹಿಮದ ಮೇಲೆ ಜಾರುವ ಸ್ಕೀ ಬೂಟುಗಳಲ್ಲಿ. 1950ರ ದಶಕದವರೆಗೆ ಅವೂ ಲಾಡಿ ಕಟ್ಟುವ ಚರ್ಮದ ಬೂಟುಗಳೇ. 1960ರ ದಶಕದಲ್ಲಿ ಅಮೆರಿಕದ ಬಾಬ್ ಲಾಂಗೆ ಪ್ಲಾಸ್ಟಿಕ್ ಕವಚದ ಬೂಟು ತಂದ. ಕವಚ ಮಣಿಯುವುದಿಲ್ಲ. ಸಪೂರ ಕಾಲು ಅದರೊಳಗೆ ಅಲ್ಲಾಡುತ್ತದೆ, ಹಿಮ್ಮಡ ಮೇಲೇಳುತ್ತದೆ, ಮುಂಗಾಲಿನ ಎಲುಬು ಬಡಿಯುತ್ತದೆ. ಬಕಲ್ ಬಿಗಿದರೆ ರಕ್ತ ಹರಿಯದೆ ಬೆರಳು ಜೋಮು ಹಿಡಿಯುತ್ತವೆ. ಎರಡು ಕಾಲುಚೀಲ ಹಾಕಿದರೆ ಸರಿಹೋದೀತು ಅನ್ನಿಸುತ್ತದೆ, ಆದರೆ ಬಟ್ಟೆ ಮಡಿಕೆಬಿದ್ದು ಒತ್ತುತ್ತದೆ. ತೆಳುವಾದ ಒಂದೇ ಕಾಲುಚೀಲ, ಕಿರಿದಾದ ಕವಚ, ಬಿಸಿಮಾಡಿ ಕಾಲಿಗೆ ಒಗ್ಗಿಸುವ ಒಳಪದರ, ಬೂಟಿನ ನಾಲಗೆಯ ಹಿಂದೆ ಫೋಮಿನ ತುಂಡು, ಇವು ಅಲ್ಲಿಯ ಪರಿಹಾರ. ಸಮಗಾರ ಪಟ್ಟಿಯ ಕೆಳಗೆ ಇಡುವ ಚರ್ಮದ ತುಂಡಿನ ಕೆಲಸವೇ ಅದು.

ನಮ್ಮ ಹಳ್ಳಿಗಳಲ್ಲಿ ತೀರ ಸಪೂರ ಕಾಲಿನ ಕಷ್ಟ ಹೆಚ್ಚು ಕಂಡದ್ದು ಪೋಲಿಯೊದಿಂದ. ಸ್ನಾಯು ಸೊರಗಿದ ಕಾಲಿಗೆ ಉಕ್ಕಿನ ಸಲಾಕೆಯ ಕ್ಯಾಲಿಪರ್, ಅದಕ್ಕೆ ಜೋಡಿಸಿದ ಬೂಟು, ಮೀನಖಂಡದ ಸುತ್ತ ಚರ್ಮದ ಪಟ್ಟಿ. ಮಗು ಬೆಳೆದಂತೆ ಎಲ್ಲವನ್ನೂ ಮತ್ತೆ ಅಳೆಯಬೇಕು. 2014ರ ಮಾರ್ಚ್ 27ರಂದು ಭಾರತವಿರುವ ವಲಯ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಅದಕ್ಕೂ ಮೊದಲು ಕಾಯಿಲೆ ಬಿದ್ದವರಲ್ಲಿ ಅನೇಕರು ಇಂದು ನಡುವಯಸ್ಸಿನಲ್ಲಿದ್ದಾರೆ. ಅವರಲ್ಲಿ ಹಲವರಿಗೆ ಒಂದು ಪಾದ ದೊಡ್ಡದು, ಇನ್ನೊಂದು ಚಿಕ್ಕದು. ಅಂಗಡಿಯಲ್ಲಿ ಸಿಗುವ ಜೋಡಿಯ ಎರಡಕ್ಕೂ ಒಂದೇ ನಂಬರು. ಸರಿಹೊಂದಬೇಕೆಂದರೆ ಎರಡು ಜೋಡಿ ಕೊಂಡು ಒಂದೊಂದನ್ನು ಬಿಡಬೇಕು. ಕಾಲಳತೆಗೆ ಹೊಲಿಯುವ ಸಮಗಾರ ತೊಗಲಿನ ಮೇಲೆ ಮೊದಲು ಒಂದು ಕಾಲು ಇಡಿಸುತ್ತಾನೆ, ಗೆರೆ ಎಳೆಯುತ್ತಾನೆ, ಆಮೇಲೆ ಇನ್ನೊಂದನ್ನು.