ಹೊಳಿ ಮೀನಿನ ಲಾಗ್ ಫೈಲ್

ದೀಪಾವಳಿಗೆ ಊರಿಗೆ ಹೋದಾಗ, ಕಾಗಿಣಾ ದಂಡೆಗೆ ಬಲೆ ಒಣಗಿಸ್ತಿದ್ದ ಅಂಬಿಗರ ಕಾಕಾ ಒಂದು ಮಾತು ಹೇಳಿದ್ರು: "ತಮ್ಮಾ, ಮೊದಲಿನ ಮೀನಿನ ರುಚಿ ಈಗಿಲ್ಲ ನೋಡು." ಹಿರಿಯರು ಎಲ್ಲದಕ್ಕೂ ಹೇಳೋ ಮಾತು ಅಂತ ನಕ್ಕು ಸುಮ್ಮನಾದೆ. ಆದರೆ ಬೆಂಗಳೂರಿಗೆ ವಾಪಸ್ ಬರುವಾಗ ವಾಡಿ ಜಂಕ್ಷನ್‌ನಲ್ಲಿ ಅದೇ ಮಾತು ತಲೇಲಿ ಕೂತಿತ್ತು. ಹೊಳಿ ಮೀನು ಬದಲಾಗಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡೋದಾದ್ರೂ ಹೇಗೆ? ನಲವತ್ತು ವರ್ಷದ ಹಿಂದಿನ ಮೀನು ಎಲ್ಲಿಂದ ತರೋದು?

ಸಾಫ್ಟ್‌ವೇರ್‌ನವರಿಗೆ ಈ ಸಂಕಟ ಹೊಸದಲ್ಲ. ಬಗ್ ಬಂದ ಮೇಲೆ ಲಾಗಿಂಗ್ ಆನ್ ಮಾಡಿದ್ರೆ ಹಿಂದೆ ಆಗಿದ್ದು ಸಿಗಲ್ಲ. ಯಾವ ಬಗ್ ಬರುತ್ತೆ ಅಂತ ಗೊತ್ತಿಲ್ಲದಾಗಲೇ ಬರೆದಿಟ್ಟುಕೊಂಡಿರಬೇಕು.

ಮೀನಿನ ವಿಷಯದಲ್ಲಿ ಹಾಗೆ ಬರೆದಿಟ್ಟವರ ಕಥೆ ಇದು. ಕಥೆಯ ಖಳನಾಯಕನ ಹೆಸರು ಪಿಎಫ್‌ಎಎಸ್. ಫ್ಲೋರಿನ್ ಸೇರಿಸಿ ಮಾಡಿದ ಸಾವಿರಾರು ರಾಸಾಯನಿಕಗಳಿಗೆ ಇಟ್ಟ ಒಟ್ಟು ಹೆಸರು ಅದು. ಇವುಗಳ ವಂಶಾವಳಿ 1938ರಿಂದ ಶುರು. ಆ ವರ್ಷ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಆಕಸ್ಮಿಕವಾಗಿ ಟೆಫ್ಲಾನ್ ಸಿಕ್ಕಿತು. 1950ರ ದಶಕದ ಹೊತ್ತಿಗೆ ಪಿಎಫ್‌ಒಎ, ಪಿಎಫ್‌ಒಎಸ್ ಎಂಬ ಅದರ ಬಂಧುಗಳು ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿದ್ವು. ಅಂಟದ ತವಾ, ಕಲೆ ಹಿಡಿಯದ ಬಟ್ಟೆ, ಎಣ್ಣೆ ಹೀರದ ಕಾಗದ, ಬೆಂಕಿ ಆರಿಸೋ ನೊರೆ, ಎಲ್ಲದರ ಹಿಂದೆಯೂ ಇದೇ ಕುಟುಂಬ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಎಷ್ಟು ಗಟ್ಟಿ ಅಂದ್ರೆ ಬಿಸಿಲು, ಬ್ಯಾಕ್ಟೀರಿಯಾ, ಅಡುಗೆ ಒಲೆ ಯಾವುದೂ ಅದನ್ನ ಮುರಿಯಲ್ಲ. ಡಿಡಿಟಿ ಕೊಬ್ಬಿನಲ್ಲಿ ಕೂರುತ್ತೆ. ಇದು ಪ್ರೋಟೀನಿಗೆ ಅಂಟಿಕೊಂಡು ರಕ್ತದಲ್ಲಿ, ಯಕೃತ್ತಿನಲ್ಲಿ ಕೂರುತ್ತೆ. ನೀರಿನಿಂದ ಹುಳಕ್ಕೆ, ಹುಳದಿಂದ ಮೀನಿಗೆ, ಮೀನಿನಿಂದ ಅದನ್ನ ತಿನ್ನೋ ಹಕ್ಕಿಗೆ, ಮನುಷ್ಯನಿಗೆ.

1968ರಲ್ಲಿ ನಮ್ಮ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾಯ್ತು. ಅದೇ ಹೊತ್ತಿಗೆ ಸ್ವೀಡನ್ನಿನವರು ಬಾಲ್ಟಿಕ್ ಸಮುದ್ರದ ಸ್ಟೋರಾ ಕಾರ್ಲ್‌ಸೋ ದ್ವೀಪದಿಂದ ಗಿಲೆಮಾಟ್ ಎಂಬ ಮೀನು ತಿನ್ನೋ ಕಡಲಹಕ್ಕಿಯ ಮೊಟ್ಟೆಗಳನ್ನ ತಂದು ಕಾಪಿಡೋಕೆ ಶುರು ಮಾಡಿದ್ರು. ಪಿಎಫ್‌ಒಎಸ್ ಹುಡುಕೋ ಉದ್ದೇಶ ಅವರಿಗಿರಲಿಲ್ಲ. ಮುಂದೆ ಬೇಕಾಗಬಹುದು ಅಂತ ಇಟ್ಟರು, ಅಷ್ಟೆ. ಮೂವತ್ತೈದು ವರ್ಷ ಕಳೆದ ಮೇಲೆ ಅದೇ ಮೊಟ್ಟೆಗಳನ್ನ ತೆಗೆದು ನೋಡಿದಾಗ, 1968ರಲ್ಲಿ ಒಂದು ಗ್ರಾಮಿಗೆ ಸುಮಾರು 25 ನ್ಯಾನೊಗ್ರಾಂ ಇದ್ದ ಪಿಎಫ್‌ಒಎಸ್ 2003ಕ್ಕೆ 600 ದಾಟಿತ್ತು. ನ್ಯಾನೊಗ್ರಾಂ ಅಂದ್ರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಅಳತೆ ಸಣ್ಣದೇ, ಏರಿಕೆ ಮಾತ್ರ ಸಣ್ಣದಲ್ಲ. ಕೆನಡಾ ಮತ್ತು ಅಮೆರಿಕದ ನಡುವಿನ ಒಂಟಾರಿಯೊ ಸರೋವರದ ಟ್ರೌಟ್ ಮೀನುಗಳದ್ದೂ ಇದೇ ಕಥೆ. ಕಾಪಿಟ್ಟ ಮೀನುಗಳಲ್ಲಿ 1980ರಿಂದ 2001ರೊಳಗೆ ಪಿಎಫ್‌ಒಎಸ್ ಸುಮಾರು ನಾಲ್ಕು ಪಟ್ಟಾಗಿತ್ತು.

ಇದು ಜಗತ್ತಿನ ತುಂಬ ಹರಡಿದೆ ಅಂತ 2001ರಲ್ಲಿ ತೋರಿಸಿದವರು ಅಮೆರಿಕದಲ್ಲಿದ್ದ ಜಾನ್ ಗೀಸಿ ಮತ್ತು ತಮಿಳುನಾಡು ಮೂಲದ ಕುರುಂತಾಚಲಂ ಕಣ್ಣನ್. ಕಾರ್ಖಾನೆಯ ನೆರಳೂ ಬೀಳದ ಧ್ರುವ ಪ್ರದೇಶದ ಹಿಮಕರಡಿಯಲ್ಲೂ ಅದು ಸಿಕ್ಕಿತ್ತು. ಅದಕ್ಕೆ ಒಂದು ವರ್ಷ ಮೊದಲು, 2000ದ ಮೇ ತಿಂಗಳಲ್ಲಿ, ಮುಖ್ಯ ತಯಾರಕರಾದ 3ಎಂ ಕಂಪನಿ ಪಿಎಫ್‌ಒಎಸ್ ನಿಲ್ಲಿಸ್ತೀವಿ ಅಂತ ಘೋಷಿಸಿತ್ತು. ಫಲ ಕಾಣಿಸ್ತು. ಅಲಾಸ್ಕಾದ ಕಡಲ ನೀರುನಾಯಿಗಳಲ್ಲಿ 2001ರ ನಂತರ ಪಿಎಫ್‌ಒಎಸ್ ಇಳಿಯಿತು. ಆದರೆ ಅದೇ ಪ್ರಾಣಿಗಳಲ್ಲಿ ಪಿಎಫ್‌ಎನ್‌ಎ ಎಂಬ ಇನ್ನೊಂದು ಏರಿತು. ಒಂದನ್ನ ನಿಲ್ಲಿಸಿದ್ರೆ ಕುಟುಂಬ ಖಾಲಿಯಾಗಲ್ಲ. ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಪಿಎಫ್‌ಒಎಸ್ ಸೇರಿದ್ದು 2009ರಲ್ಲಿ, ಪಿಎಫ್‌ಒಎ 2019ರಲ್ಲಿ, ಪಿಎಫ್‌ಎಚ್‌ಎಕ್ಸ್‌ಎಸ್ 2022ರಲ್ಲಿ.

ಭಾರತ ಈ ಕಥೆಯ ಹೊರಗಿಲ್ಲ. ಕಣ್ಣನ್, ಪಟ್ನಾದ ಡಾಲ್ಫಿನ್ ತಜ್ಞ ರವೀಂದ್ರ ಕುಮಾರ್ ಸಿನ್ಹಾ ಮತ್ತಿತರರು ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಗೆಯ ಡಾಲ್ಫಿನ್‌ಗಳಲ್ಲೂ ಪಿಎಫ್‌ಒಎಸ್ ಇತ್ತು. ಪ್ರಮಾಣ ಬೇರೆ ದೇಶಗಳಿಗಿಂತ ಕಡಿಮೆ, ಅದು ಸಮಾಧಾನ. ಆದರೆ ಇಟಲಿಯ ಮಿಟೆನಿ ಎಂಬ ಪಿಎಫ್‌ಎಎಸ್ ಕಾರ್ಖಾನೆ ಲಕ್ಷಾಂತರ ಜನರ ಕುಡಿಯೋ ನೀರು ಕೆಡಿಸಿ 2018ರಲ್ಲಿ ದಿವಾಳಿಯಾದಾಗ, ಅದರ ಯಂತ್ರಗಳು ಹಡಗು ಹತ್ತಿ ಬಂದದ್ದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆಗೆ. 2025ರ ಜೂನ್‌ನಲ್ಲಿ ವಿಚೆಂಜಾದ ಕೋರ್ಟು ಮಿಟೆನಿಗೆ ಸಂಬಂಧಪಟ್ಟ 11 ಜನರಿಗೆ ಜೈಲು ಶಿಕ್ಷೆ ವಿಧಿಸಿತು. ಲೋಟೆಯ ನೀರು ಅರಬ್ಬೀ ಸಮುದ್ರದ ಕಡೆ ಹರಿಯುತ್ತೆ, ನಮ್ಮ ಭೀಮೆಗಲ್ಲ. ಆದರೆ ತವಾ, ರೇನ್‌ಕೋಟು, ಪಾರ್ಸೆಲ್ ಕಾಗದಗಳಿಗೆ ನದಿಯ ಹಾದಿ ಬೇಕಾಗಿಲ್ಲ. ಅವು ಸಂತೆಯ ಹಾದಿಯಲ್ಲೇ ಊರಿಗೆ ಬರ್ತವೆ.

ಈಗ ನಮ್ಮ ಹೊಳಿಗೆ ಬರೋಣ. ಚಿಂಚೋಳಿ ಕಡೆಯಿಂದ ಮುಲ್ಲಾಮಾರಿ ಬಂದು ಕಾಗಿಣಾಕ್ಕೆ ಕೂಡುತ್ತೆ. ಕಾಗಿಣಾ ಸೇಡಂ, ಚಿತ್ತಾಪುರ ಸೀಮೆ ದಾಟಿ ಶಹಾಬಾದ್ ಹತ್ತಿರ ಭೀಮೆಗೆ ಸೇರುತ್ತೆ. ದಂಡೆಯ ಮೇಲಿನ ಮಳಖೇಡದಲ್ಲೇ ರಾಷ್ಟ್ರಕೂಟರು ಆಳಿದ್ದು. ಸಾವಿರ ವರ್ಷದ ಹಿಂದೆ ಯಾರು ಯಾರಿಗೆ ಎಷ್ಟು ಭೂಮಿ ದಾನ ಕೊಟ್ಟರು ಅಂತ ಇವತ್ತಿಗೂ ಹೇಳಬಹುದು, ಯಾಕಂದ್ರೆ ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ. ಸಿಮೆಂಟಿನ ಧೂಳು ಎಲೆ ಮೇಲೆ ಕಾಣುತ್ತೆ, ಅದಕ್ಕೆ ಜನ ದನಿ ಎತ್ತುತಾರೆ. ಪಿಎಫ್‌ಎಎಸ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಕಾನ ನಾಲಿಗೆಗೂ ಅದು ಸಿಗಲ್ಲ. ಅದರ ಶಾಸನ ಇರೋದು ಮೀನಿನ ಯಕೃತ್ತಿನಲ್ಲಿ ಮಾತ್ರ, ಮತ್ತೆ ಆ ಶಾಸನವನ್ನ ನಾವು ಪ್ರತಿ ಸಲ ಸಾರು ಮಾಡಿ ಉಣ್ತೀವಿ.

ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಈ ಐದೂ ಊರಿನ ನೀರಿನಿಂದ ವರ್ಷಕ್ಕೊಮ್ಮೆ ಹತ್ತು ಹತ್ತು ಮೀನು ಹಿಡಿದು, ಟೆಫ್ಲಾನ್ ತಾಗದ ಡಬ್ಬಿಯಲ್ಲಿ ಹಾಕಿ, ತಾರೀಖು, ಜಾಗ, ಮೀನಿನ ಜಾತಿ ಬರೆದು ಡೀಪ್ ಫ್ರೀಜರ್‌ನಲ್ಲಿ ಇಟ್ಟರೂ ಸಾಕು. ದುಬಾರಿ ಪರೀಕ್ಷೆ ಇವತ್ತೇ ಮಾಡಬೇಕಿಲ್ಲ. ಇಡೋದು ಮಾತ್ರ ಇವತ್ತೇ ಆಗಬೇಕು.

ಕಾಕಾಗೆ ಫೋನ್‌ನಲ್ಲಿ ಇದನ್ನ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ರು. ಆಮೇಲೆ, "ಮೀನ ನಾ ಹಿಡಿದು ಕೊಡ್ತೀನಿ ತಮ್ಮಾ. ಇಡೋರು ಯಾರು, ಅದು ಹೇಳು" ಅಂದ್ರು.