ಕಾಲ್ಡ್‌ವೆಲ್, ರಾಬರ್ಟ್ (1814–1891)

ತಿರುನೆಲ್ವೇಲಿ ಸೀಮೆಯಲ್ಲಿ ಅರ್ಧಶತಮಾನದಷ್ಟು ಕಾಲ ಕ್ರೈಸ್ತಧರ್ಮ ಪ್ರಚಾರ ಮಾಡಿದ, ದ್ರಾವಿಡ ಭಾಷಾಶಾಸ್ತ್ರಕ್ಕೆ ಭದ್ರವಾದ ತಳಹದಿ ಹಾಕಿದ ಆಂಗ್ಲಿಕನ್ ಬಿಷಪ್ಪರು. ಐರ್ಲೆಂಡಿನ ಆಂಟ್ರಿಮ್ ಪ್ರಾಂತದಲ್ಲಿ ಸ್ಕಾಟಿಷ್ ದಂಪತಿಗಳಿಗೆ ಜನಿಸಿ, ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ಇವರು 1838ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಪರವಾಗಿ ಮದರಾಸಿಗೆ ಬಂದರು. 1841ರಲ್ಲಿ ಆಂಗ್ಲಿಕನ್ ಸಭೆಯ ದೀಕ್ಷೆಯನ್ನು ಪಡೆದು, ದೀರ್ಘವಾದ ಕಾಲ್ನಡಿಗೆಯ ಪಯಣದಿಂದ ನಾಡನ್ನೂ ಜನರ ನುಡಿಯನ್ನೂ ಅರಿಯುತ್ತ ತೆಂಕಣಕ್ಕೆ ಸಾಗಿ, ತಾಳೆಮರಗಳ ಮರಳುಸೀಮೆಯಾದ ಇಡೈಯನ್‌ಗುಡಿಯಲ್ಲಿ ನೆಲಸಿದರು. ಶಾಲೆಗಳನ್ನೂ ವಿಶಾಲವಾದ ದೇವಾಲಯವೊಂದನ್ನೂ ಅಲ್ಲಿ ಕಟ್ಟಿಸಿದರು. ಪತ್ನಿ ಎಲೈಜಾ ಸ್ತ್ರೀಶಿಕ್ಷಣಕ್ಕಾಗಿ ದುಡಿದರು.

ಇವರ ಕೀರ್ತಿಗೆ ಮುಖ್ಯ ಕಾರಣ 1856ರಲ್ಲಿ ಪ್ರಕಟವಾದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ. ಮದರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸನು 1816ರಲ್ಲಿಯೇ ಸೂಚಿಸಿದ್ದ ವಿಚಾರವನ್ನು ವಿಸ್ತರಿಸಿ, ಸರ್ವನಾಮ, ಸಂಖ್ಯಾವಾಚಕ, ವಿಭಕ್ತಿ, ಕ್ರಿಯಾರೂಪಗಳ ಸಾದೃಶ್ಯದಿಂದ ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು ಮೊದಲಾದುವು ಸಂಸ್ಕೃತಜನ್ಯವಲ್ಲವೆಂದೂ ಒಂದೇ ಸ್ವತಂತ್ರ ಕುಲಕ್ಕೆ ಸೇರಿದವೆಂದೂ ಇವರು ಸಪ್ರಮಾಣವಾಗಿ ತೋರಿಸಿದರು. ಕನ್ನಡಿಗರು ತಮ್ಮ ನುಡಿಯ ಪೂರ್ವಚರಿತ್ರೆಯನ್ನು ಅರಸುವಾಗ ಈ ಗ್ರಂಥದ ಋಣವನ್ನು ನೆನೆಯದಿರಲಾಗದು. ದ್ರಾವಿಡವನ್ನು ‘ಸಿಥಿಯನ್’ ಭಾಷಾವರ್ಗದೊಡನೆ ಬೆಸೆದ ಇವರ ಊಹೆಯನ್ನು ಮಾತ್ರ ಈಗಿನ ವಿದ್ವಾಂಸರು ಒಪ್ಪುವುದಿಲ್ಲ. ತಿರುನೆಲ್ವೇಲಿಯ ಶಾಣಾರ (ನಾಡಾರ್) ಸಮುದಾಯವನ್ನು ಕುರಿತು ಇವರು 1849ರಲ್ಲಿ ಬರೆದ ಪುಸ್ತಿಕೆ ಆ ಸಮುದಾಯವನ್ನು ಆಳವಾಗಿ ನೋಯಿಸಿತು. ಆ ನೋವು ನ್ಯಾಯವಾದುದೇ.

1877ರಲ್ಲಿ ಕಲ್ಕತ್ತೆಯಲ್ಲಿ ಎಡ್ವರ್ಡ್ ಸಾರ್ಜೆಂಟರೊಡನೆ ಬಿಷಪ್ ಪದವಿಗೇರಿ, ಮದರಾಸಿನ ಬಿಷಪ್ಪರಿಗೆ ಸಹಾಯಕರಾದರು. 1881ರಲ್ಲಿ ತಿರುನೆಲ್ವೇಲಿಯ ಇತಿಹಾಸವನ್ನು ಹೊರತಂದರು. 1891ರ ಆಗಸ್ಟ್ 28ರಂದು ಕೊಡೈಕಾನಲಿನಲ್ಲಿ ನಿಧನರಾದ ಇವರ ದೇಹವನ್ನು ಇಡೈಯನ್‌ಗುಡಿಯಲ್ಲಿ ಸಮಾಧಿಮಾಡಲಾಯಿತು.